ಯಾಕೂಬರ ಗ್ಯಾಸ್ಟ್ರಿಕ್

ಹ್ಯಾಮ್‌ಟ್ರ್ಯಾಮಿಕ್, ಮಿಶಿಗನ್
8 ಮಾರ್ಚ್ 2009

ಸುಹಾ,

ಕಾಗದವನ್ನು 'ನಾವೆಲ್ಲ ಕ್ಷೇಮ' ಎಂದು ಶುರು ಮಾಡಬೇಕೆಂದು ನಿಂಗಮ್ಮ ಟೀಚರ್ ಕಲಿಸಿದ್ದರು. ಈ ಸಲ ಅದನ್ನು ಬಿಟ್ಟಿದ್ದೇನೆ. ಒಂದು ಕಾಗುಣಿತ ತಪ್ಪಿದರೆ ಹತ್ತು ಸಲ ತಿದ್ದಿ ಬರೆಸುತ್ತಿದ್ದವರು, ಸುಳ್ಳು ಬರೆದರೆ ಎಷ್ಟು ಸಲ ಬರೆಸುತ್ತಿದ್ದರೋ.

ಹೋದ ವಾರ ನಿನ್ನ ಮೇಲೆ ರೇಗಿ ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೂ ಅದೇ ಆಗುತ್ತದೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಎರಡು ಸಲಹೆ ಕೊಟ್ಟಿರುತ್ತೀಯ. ಕಾಗದವಾದರೆ ನಾನು ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡಿರಬೇಕು. ಹರಿಹರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ಇಷ್ಟು ಹೇಳುವ ಸಲಿಗೆ ನನಗಿದೆ.

ನೀನು ಕಳಿಸಿದ ನಿಮ್ಮ ಕನ್ನಡ ಕೂಟದ ಪತ್ರಿಕೆ ಬಂತು. ನಿನ್ನ ಅಂಕಣ ಓದಿದೆ. 'ನಿಮ್ಮ ಹೃದಯ ನಿಮ್ಮ ಕೈಯಲ್ಲಿ'. ಫೋಟೋ ಚೆನ್ನಾಗಿದೆ, ಆಸ್ಪತ್ರೆಯ ಡಯಟೀಷಿಯನ್ ಅಂದರೆ ಹೀಗಿರಬೇಕು ಅನ್ನುವ ಹಾಗಿದ್ದೀಯ. ಓದಿ ಮಾತ್ರ ಮೈಯೆಲ್ಲ ಉರಿಯಿತು. ದಿನಕ್ಕೆ ಐದು ಬಗೆ ಹಣ್ಣು ತರಕಾರಿ, ಊಟದ ನಂತರ ಬಡಾವಣೆಯಲ್ಲಿ ಒಂದು ಸುತ್ತು, ಮನಸ್ಸಿಗೆ ನೆಮ್ಮದಿ. ನೆಮ್ಮದಿ ಅಂಗಡಿಯ ಯಾವ ಸಾಲಿನಲ್ಲಿ ಸಿಗುತ್ತದೆ ಅಂತಲೂ ಬರೆದಿದ್ದರೆ ತರುತ್ತಿದ್ದೆ.

ಯಾಕೂಬರ ಪ್ಲಾಂಟ್ ನವೆಂಬರಿನಲ್ಲಿ ಮುಚ್ಚಿದ್ದು ನಿನಗೆ ಗೊತ್ತು. ಕಾರಿನ ಬಿಡಿಭಾಗಗಳ ಅಚ್ಚು ತಯಾರಿಸುವ ಕೆಲಸದಲ್ಲಿ ಅವರಷ್ಟು ನುರಿತವರು ಅಲ್ಲಿ ಇಬ್ಬರಿರಲಿಲ್ಲ. ನಿನಗೆ ಗೊತ್ತಿಲ್ಲದ್ದು ಈಗ ಹೇಳುತ್ತೇನೆ. ಜನವರಿಯಿಂದ ಅವರು ಡೆಟ್ರಾಯಿಟ್‌ನ ಗ್ರ್ಯಾಷಿಯಟ್ ರಸ್ತೆಯ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ, ನಮ್ಮೂರ ಮಾತಲ್ಲಿ ಪೆಟ್ರೋಲ್ ಬಂಕಿನಲ್ಲಿ, ಕ್ಯಾಷಿಯರ್ ಆಗಿದ್ದಾರೆ. ಗುಂಡು ಹೊಡೆದರೂ ಒಡೆಯದ ಗಾಜಿನ ಗೂಡು, ಒಳಗೊಂದು ಸ್ಟೂಲು, ಒಳಗಿನಿಂದಲೇ ಬೀಗ. ಇನ್ನೊಬ್ಬ ಬರುವ ತನಕ ಗೂಡು ಬಿಡಬಾರದು ಎಂದು ಓನರಿನ ಕಟ್ಟಪ್ಪಣೆ. ನಾನು ದಿನಾ ಡಬ್ಬಿ ಕಟ್ಟಿ ಕಳಿಸುತ್ತಿದ್ದೆ, ಚಪಾತಿ ಪಲ್ಯ, ಮೊಸರನ್ನ. ದಿನಾ ಹಾಗೇ ವಾಪಸ್ ಬರುತ್ತಿತ್ತು. ರೇಗಿದ ಮೇಲೆ ಹೇಳಿದರು, "ಅನ್ನ ಕಲಸ್ಕೊಂಡು ತಿನ್ನೋಕೆ ಒಂದು ಕೈನಾದ್ರೂ ನಂದಾಗಿರಬೇಕಲ್ಲ ನಜ್ಮಾ." ಕೈ ತೊಳೆಯಲು ನೀರಿಲ್ಲ, ಕಿಟಕಿಯ ಮುಂದಿನ ಜನ ಮುಗಿಯುವುದಿಲ್ಲ. ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತಾ ಇನ್ನೊಂದು ಕೈಯಲ್ಲಿ ತಿನ್ನಲು ಆಗುವುದು ಫ್ರೈಸ್, ಚಿಪ್ಸ್, ಡೋನಟ್ಟು. ಕುಡಿಯಲು ಪಾಪ್, ಕೋಕಿಗೆ ಇಲ್ಲಿ ಹಾಗೆನ್ನುತ್ತಾರೆ. ಆ ಸುತ್ತಿನಲ್ಲಿ ಮೈಲಿಗಟ್ಟಲೆ ಒಂದು ತರಕಾರಿ ಅಂಗಡಿ ಇಲ್ಲ. ಅಲ್ಲೇ ಹುಟ್ಟಿ ಬೆಳೆದ ಕಪ್ಪು ಜನರ ಮಕ್ಕಳಿಗೆ ಬೆಳಗಿನ ತಿಂಡಿ ಕೂಡ ಅದೇ ಕಿಟಕಿಯಿಂದ ಹೋಗುತ್ತದೆ. ಆ ಮಕ್ಕಳ ಹೃದಯ ಯಾರ ಕೈಯಲ್ಲಿದೆ ಎಂದು ನಿನ್ನ ಅಂಕಣದಲ್ಲಿ ಹುಡುಕಿದೆ, ಸಿಗಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಒಂದು ತಿಂಗಳಿಂದ ಯಾಕೂಬರಿಗೆ ಗ್ಯಾಸ್ಟ್ರಿಕ್. ಎದೆಯಲ್ಲಿ ಉರಿ, ಒತ್ತಿ ಹಿಡಿದ ಹಾಗೆ. ಈನೋ ಕುಡಿದು ಸುಮ್ಮನಾಗುತ್ತಾರೆ. ಪ್ಲಾಂಟಿನ ಜೊತೆಗೇ ಇನ್ಶೂರೆನ್ಸೂ ಹೋಯಿತು, ಹಳೆಯ ಡಾಕ್ಟರ ಬಾಗಿಲು ಮುಚ್ಚಿತು. ಒಂದೇ ಕೈಯಲ್ಲಿ ತಿನ್ನಬಹುದಾದದ್ದು, ಗ್ಯಾಸ್ಟ್ರಿಕ್ ಮಾಡದಂಥದ್ದು ಏನಾದರೂ ಇದ್ದರೆ ಹೇಳು. ಬೈದದ್ದಕ್ಕೆ ಬೇಜಾರಾಗಬೇಡ. ಬೈದದ್ದನ್ನು ವಾಪಸ್ಸಂತೂ ತೆಗೆದುಕೊಳ್ಳುವುದಿಲ್ಲ.

ನಿನ್ನ
ನಜ್ಮುನ್ನೀಸಾ


ಡೌನರ್ಸ್ ಗ್ರೋವ್, ಇಲಿನಾಯ್
22 ಮಾರ್ಚ್ 2009

ಪ್ರೀತಿಯ ನಜ್ಮಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಇಷ್ಟು ಚೆನ್ನಾಗಿ ಬೈಸಿಕೊಂಡು ಬಹಳ ದಿನವಾಗಿತ್ತು. ಇಲ್ಲಿ ಎಲ್ಲರೂ ಅಂಕಣ ನೈಸಾಗಿದೆ ಎನ್ನುತ್ತಾರೆ, ಅರ್ಧಕ್ಕರ್ಧ ಜನ ಓದಿರುವುದಿಲ್ಲ.

ಯಾಕೂಬ್ ಭಾಯಿ ಗ್ಯಾಸ್ ಸ್ಟೇಷನ್ನಿನಲ್ಲಿ ಕೂತಿದ್ದಾರೆ ಎಂಬುದನ್ನು ನನ್ನ ಮನಸ್ಸು ಇನ್ನೂ ಒಪ್ಪುತ್ತಿಲ್ಲ. ಆದರೂ ನಜ್ಮಾ, ಕಷ್ಟದ ಕಾಲದಲ್ಲೇ ಶಿಸ್ತು ಬೇಕಾಗುವುದು. ನಮ್ಮ ಜನಕ್ಕೆ ಬೇರೆಯವರಿಗಿಂತ ಬೇಗ ಹೃದಯದ ತೊಂದರೆ ಬರುತ್ತದೆ, ನಾನು ದಿನಾ ವಾರ್ಡಿನಲ್ಲಿ ನೋಡುತ್ತೇನೆ. ಮೊದಲು ಮಾಂಸ ನಿಲ್ಲಿಸಿ. ನಿಮ್ಮ ಮನೆಯ ಬಿರಿಯಾನಿ ನನಗೆ ಗೊತ್ತಿಲ್ಲವೇ, ಅದರ ಘಮ ನಮ್ಮ ಬೀದಿಯ ತನಕ ಬರುತ್ತಿತ್ತು. ಕುರಿ ಮಾಂಸ, ಕೀಮಾ, ಆ ಎಣ್ಣೆ, ಆ ಮಸಾಲೆ, ಗ್ಯಾಸ್ಟ್ರಿಕ್‌ಗೆ ಇನ್ನೇನು ಬೇಕು? ನಮ್ಮ ಹಾಗೆ ಪ್ಯೂರ್ ವೆಜ್ ಆಗಿ ಎಂದು ಬಲವಂತ ಮಾಡುವುದಿಲ್ಲ, ವಾರದಲ್ಲಿ ನಾಲ್ಕು ದಿನವಾದರೂ ಬಿಟ್ಟು ನೋಡಿ. ಬೆಳಿಗ್ಗೆ ಓಟ್ಸ್. ಸಂಜೆ ಅರ್ಧ ಗಂಟೆ ನಡಿಗೆ.

ನಮ್ಮ ಕಡೆ ಹೇಳಬೇಕೆಂದರೆ, ಫೆಬ್ರವರಿಯಲ್ಲಿ ಶ್ರೀಹರಿಗೆ ಕಿಡ್ನಿ ಸ್ಟೋನ್ ಆಗಿ ಎರಡು ದಿನ ಆಸ್ಪತ್ರೆಯಲ್ಲಿದ್ದರು. ಈಗ ಆರಾಮಾಗಿದ್ದಾರೆ, ದಿನಾ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾರೆ. ಡೆಸ್ ಪ್ಲೇನ್ಸ್‌ನ ಅವರ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಯಾರ ಕೆಲಸ ಹೋಗಿ ಟೇಬಲ್ ಖಾಲಿಯಾಗುತ್ತದೋ ಎಂಬ ಭಯ. ನಿಹಾರಿಕಾ ಕಾಲೇಜಿನಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ನಿನ್ನ ನೌಶೀನ್ ಜೊತೆ ಫೇಸ್‌ಬುಕ್‌ನಲ್ಲಿ ಮಾತಾಡುತ್ತಿರುತ್ತಾಳಂತೆ.

ಒಂದು ವಿಷಯ ಕೇಳಬೇಕಿತ್ತು. ಆ ಉರಿ ಊಟವಾದ ಮೇಲೆ ಮಾತ್ರ ಬರುತ್ತದೆಯೋ ಅಥವಾ ಮೆಟ್ಟಿಲು ಹತ್ತುವಾಗಲೂ ಬರುತ್ತದೆಯೋ? ಎಡಗೈ ನೋಯುತ್ತದೆಯೇ? ಬೆವರುತ್ತಾರೆಯೇ? ಸುಮ್ಮನೆ ಕೇಳಿದೆ, ಗಾಬರಿಯಾಗಬೇಡ. ಯಾವುದಕ್ಕೂ ಒಮ್ಮೆ ತೋರಿಸುವುದು ಒಳ್ಳೆಯದು. ಉಚಿತ ಕ್ಲಿನಿಕ್‌ಗಳು ಇರುತ್ತವೆ, ವಿಚಾರಿಸು.

ಪ್ರೀತಿಯಿಂದ,
ಸುಹಾಸಿನಿ


ಹ್ಯಾಮ್‌ಟ್ರ್ಯಾಮಿಕ್
5 ಏಪ್ರಿಲ್ 2009

ಸುಹಾಸಿನಿ,

ಮಾಂಸ ನಿಲ್ಲಿಸಿ ಎಂದೆ. ಆ ಗ್ಯಾಸ್ ಸ್ಟೇಷನ್ನಿನ ಹತ್ತಿರ ಹಲಾಲ್ ಅನ್ನುವುದು ಸಿಗುವುದಿಲ್ಲ, ಹಲಾಲ್ ಅಲ್ಲದ್ದನ್ನು ಯಾಕೂಬ್ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಅವರು ತಿನ್ನುವುದೆಲ್ಲ ವೆಜ್. ಫ್ರೈಸ್ ವೆಜ್. ಚಿಪ್ಸ್ ವೆಜ್. ಡೋನಟ್ಟು ಅಪ್ಪಟ ವೆಜ್. ಮನೆಗೆ ಬಂದರೆ ಸುಸ್ತಾಗಿ ಒಂದು ಲೋಟ ಹಾಲು ಕುಡಿದು ಮಲಗುತ್ತಾರೆ. ನಮ್ಮ ಮನೆಯಲ್ಲಿ ಬಿರಿಯಾನಿ ಆಗಿದ್ದು ಡಿಸೆಂಬರಿನ ಬಕ್ರೀದಿಗೆ, ಆಮೇಲೆ ಇಲ್ಲ. ಜನವರಿಯಿಂದ ಈಚೆಗೆ ನನ್ನ ಗಂಡ ನಿನ್ನ ಗಂಡನಿಗಿಂತ ದೊಡ್ಡ ಸಸ್ಯಾಹಾರಿ. ನಾನು ಅವರು ಏನು ತಿನ್ನುತ್ತಾರೆ ಎಂದು ಬಿಡಿಸಿ ಬರೆದಿದ್ದೆ. ನೀನು ಅದನ್ನು ಓದಲಿಲ್ಲ, ಹೆಸರು ಓದಿದೆ. ಯಾಕೂಬ್ ಎಂಬ ಹೆಸರು ಕಂಡ ಕೂಡಲೆ ನಿನ್ನ ಮೂಗಿಗೆ ಕುರಿ ಮಾಂಸದ ವಾಸನೆ ಬಂತು.

ನಿಮ್ಮಮ್ಮ ನನಗೆ ಉಪ್ಪಿಟ್ಟು ಕೊಡುತ್ತಿದ್ದದ್ದು ಮುತ್ತುಗದ ಎಲೆಯಲ್ಲಿ, ನಿನಗೆ ತಟ್ಟೆಯಲ್ಲಿ. ತಿಂದಾದ ಮೇಲೆ ಎಲೆಯನ್ನು ನಾನೇ ಹೊರಗೆ ಹಾಕಿ ಬರಬೇಕು. ನನಗಾಗ ಅದು ಮರ್ಯಾದೆ ಅಂತಲೇ ಅನಿಸಿತ್ತು, ಮದುವೆ ಮನೆಯಲ್ಲಿ ಎಲೆ ಹಾಕಿದ ಹಾಗೆ. ಮನೆಗೆ ಹೋಗಿ ಹೆಮ್ಮೆಯಿಂದ ಹೇಳಿದ್ದೆ. ನಮ್ಮಮ್ಮ ನಮ್ಮ ಮನೆಯ ತಟ್ಟೆ ತೊಳೆದು ಅದರಲ್ಲಿ ನನಗೆ ಮತ್ತೆ ಊಟ ಬಡಿಸಿದರು. ಈಗ ನೀನು ಬಿಳಿ ಕೋಟು ಹಾಕಿಕೊಂಡು ನನಗೆ ಅದೇ ಎಲೆ ಹಾಕುತ್ತಿದ್ದೀಯ.

ಕ್ಲಿನಿಕ್ ಎಂದೆಯಲ್ಲ, ಅಲ್ಲಿಗೂ ಹೋಗಿ ಬಂದೆವು. ಶನಿವಾರದ ಉಚಿತ ಕ್ಲಿನಿಕ್, ಒಂದು ದಿನದ ಕೆಲಸ ಬಿಟ್ಟು. ಚಿಕ್ಕ ವಯಸ್ಸಿನ ಡಾಕ್ಟರು, ಒಳ್ಳೆಯವನೇ, ಆದರೆ ಸಾಲು ಬಾಗಿಲಾಚೆ ರಸ್ತೆಯ ತನಕ ಇತ್ತು. ಏನು ತೊಂದರೆ ಎಂದ. ಯಾಕೂಬ್ ಗ್ಯಾಸ್ಟ್ರಿಕ್ ಎಂದರು. ಅವನು, ಗ್ಯಾಸಾ, ಎಂದ. ಇವರು, ಯೆಸ್ ಯೆಸ್, ಗ್ಯಾಸ್, ಎಂದರು. ಊರಲ್ಲಿ ಗಂಟಲಿನಿಂದ ಹೊಕ್ಕುಳ ತನಕ ಏನಾದರೂ ನಮಗಿರುವುದು ಅದೊಂದೇ ಮಾತು, ಇಲ್ಲಿಯ ಇಂಗ್ಲಿಷಿನಲ್ಲಿ ಗ್ಯಾಸ್ ಎಂದರೆ ಬರೀ ಹೊಟ್ಟೆಯುಬ್ಬರ ಎಂದು ಯಾರಿಗೆ ಗೊತ್ತು. ಹೊಟ್ಟೆ ಒತ್ತಿ ನೋಡಿ, ಮಾತ್ರೆ ಕೊಟ್ಟು, ಮುಂದಿನವರನ್ನು ಕರೆದ.

ಇನ್ನು ನಿನ್ನ ವಿಚಾರಣೆ. ಹೌದು, ಮೆಟ್ಟಿಲು ಹತ್ತುವಾಗ ಬರುತ್ತದೆ. ನಮ್ಮದು ಮಹಡಿ ಮನೆ, ದಿನವಿಡೀ ಸ್ಟೂಲಿನ ಮೇಲೆ ಕೂತು ಬಂದವರಿಗೆ ಮೆಟ್ಟಿಲಲ್ಲಿ ಬರದೆ ಇನ್ನೆಲ್ಲಿ ಬರಬೇಕು? ಎಡಗೈ ನೋಯುತ್ತದೆ, ಚಿಲ್ಲರೆಯ ಟ್ರೇ ಎಳೆಯುವುದು ಎಡಗೈಯಲ್ಲಿ. ಬೆವರುತ್ತಾರೆ, ಹೀಟರ್ ಕಾಲ ಬುಡದಲ್ಲೇ ಇದೆ. ಇನ್ನೇನಾದರೂ ಕೇಳುವುದಿದೆಯೇ?

ಶ್ರೀಹರಿಯವರ ಕಿಡ್ನಿ ಸ್ಟೋನ್ ವಿಷಯ ಕೇಳಿ ಬೇಜಾರಾಯಿತು. ನೀರು ಜಾಸ್ತಿ ಕುಡಿಯಲಿ. ಬಾಳೆದಿಂಡಿನ ಪಲ್ಯ ಒಳ್ಳೆಯದು ಅನ್ನುತ್ತಾರೆ. ನೋಡು, ಸಲಹೆ ಕೊಡುವುದು ನನಗೂ ಬರುತ್ತದೆ.

ನಜ್ಮುನ್ನೀಸಾ


ಡೌನರ್ಸ್ ಗ್ರೋವ್
26 ಏಪ್ರಿಲ್ 2009

ನಜ್ಮುನ್ನೀಸಾ,

ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಅವರ ಕಾಲದ ನಡವಳಿಕೆಗೆ ನಾನು ಇವತ್ತು ಉತ್ತರ ಕೊಡಲಾರೆ. ನಿನ್ನಿಂದ ಆ ಮಾತು ಬಂತಲ್ಲ, ಎರಡು ದಿನ ನನಗೆ ಊಟ ಸೇರಲಿಲ್ಲ. ನಾನು ಹೇಳಿದ್ದು ಡಯಟೀಷಿಯನ್ ಆಗಿ, ನಿನ್ನ ಹೆಸರು ನೋಡಿ ಅಲ್ಲ.

ಎಲ್ಲದಕ್ಕೂ ಪರಿಸ್ಥಿತಿಯನ್ನೇ ದೂರುತ್ತಾ ಕೂತರೆ ಯಾರೂ ಬದಲಾಗುವುದಿಲ್ಲ. ಪಾಪ್ ಬದಲು ಮನೆಯಿಂದ ನೀರು ಒಯ್ಯಬಹುದು. ಬಾದಾಮಿ ಒಂದೇ ಕೈಯಲ್ಲಿ ತಿನ್ನಬಹುದು, ಬಾಳೆಹಣ್ಣೂ ತಿನ್ನಬಹುದು. ನೀನು ಕೇಳಿದ್ದು ಇದನ್ನೇ ಅಲ್ಲವೇ? ಒಂದು ಪಾರ್ಸಲ್ ಕಳಿಸಿದ್ದೇನೆ. ಓಟ್ಸ್, ಬಾದಾಮಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಜ್ಜೆ ಎಣಿಸುವ ಒಂದು ಯಂತ್ರ.

ಡಾಕ್ಟರೇ ನೋಡಿ ಗ್ಯಾಸ್ ಎಂದಿದ್ದಾರಲ್ಲ, ಹಾಗಾದರೆ ಗ್ಯಾಸೇ ಇರಬೇಕು. ಓದಿ ನನಗೂ ಸಮಾಧಾನವಾಯಿತು. ಆದರೂ ನೋವು ಜಾಸ್ತಿಯಾದರೆ ತಡಮಾಡಬೇಡಿ.

ಶ್ರೀಹರಿ ಬಾಳೆದಿಂಡು ತಿನ್ನುತ್ತಿದ್ದಾರೆ.

ಸುಹಾಸಿನಿ


ಹ್ಯಾಮ್‌ಟ್ರ್ಯಾಮಿಕ್
14 ಜೂನ್ 2009

ಶ್ರೀಮತಿ ಸುಹಾಸಿನಿಯವರಿಗೆ,

ತಾವು ಕಳಿಸಿದ ಪಾರ್ಸಲ್ ತಲುಪಿದೆ. ಬಾದಾಮಿ ಖರ್ಚಾಯಿತು. ಹೆಜ್ಜೆ ಎಣಿಸುವ ಯಂತ್ರವನ್ನು ಯಾಕೂಬ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಗೂಡಿನೊಳಗೆ ಅದಕ್ಕೆ ಎಣಿಸಲು ಏನೂ ಸಿಗುತ್ತಿರಲಿಲ್ಲ.

ಜೂನ್ ಎರಡರಂದು ಬೆಳಿಗ್ಗೆ ಅವರ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಓನರಿಗೆ ಫೋನ್ ಮಾಡಿದರು. ಮಧ್ಯಾಹ್ನದವನು ಬರುವ ತನಕ ತಡೆದುಕೋ, ಗೂಡು ಬಿಟ್ಟು ಹೋದರೆ ನಾಳೆಯಿಂದ ಬರಬೇಡ ಎಂದನಂತೆ. ತಡೆದುಕೊಂಡರು. ಈನೋ ಬೆರೆಸಿ ಕುಡಿದರು. 911 ಯಾಕೆ ಮಾಡಲಿಲ್ಲ ಎಂದು ತಾವು ಕೇಳುತ್ತೀರಿ. ಗ್ಯಾಸ್‌ಗೆ ಯಾರು ಆಂಬುಲೆನ್ಸ್ ಕರೆಯುತ್ತಾರೆ? ಡಾಕ್ಟರು ಗ್ಯಾಸ್ ಎಂದಿದ್ದ. ತಾವೂ ಓದಿ ಸಮಾಧಾನವಾಯಿತು ಎಂದು ಬರೆದಿದ್ದಿರಿ. ಆ ಸಾಲನ್ನು ಅವರಿಗೆ ಓದಿ ಹೇಳಿದವಳು ನಾನೇ.

ಕೊನೆಗೆ ದಿನಾ ಸಿಗರೇಟಿಗೆ ಬರುವ ಹೆಂಗಸು ಅವರ ಮುಖ ನೋಡಿ ಆಂಬುಲೆನ್ಸ್ ಕರೆದಳು. ಅವಳ ಅಣ್ಣನೂ ಹೀಗೇ ಬೆವರಿ ಬಿದ್ದು ಹೋದನಂತೆ. ಬೀಗ ಒಳಗಿನಿಂದ. ಅದನ್ನು ತೆಗೆಯಲು ಯಾಕೂಬ್ ನೆಲದ ಮೇಲೆ ತೆವಳಿಕೊಂಡು ಬಾಗಿಲಿಗೆ ಬಂದರು. ಅಷ್ಟು ಹೊತ್ತೂ ಅವಳು ಗಾಜಿನ ಆಚೆಯಿಂದ, ಕಮಾನ್ ಬೇಬಿ, ಸ್ವಲ್ಪ ದೂರ, ಎನ್ನುತ್ತಿದ್ದಳಂತೆ.

ಬದುಕಿದ್ದಾರೆ. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆದರೆ ಹೃದಯದ ಮುಂಭಾಗದ ಮಾಂಸಖಂಡ ಸತ್ತಿದೆ, ಅದು ಮತ್ತೆ ಬರುವುದಿಲ್ಲ. ನೋವು ಶುರುವಾದ ಕೂಡಲೆ ಕರೆತಂದಿದ್ದರೆ ಉಳಿಸಬಹುದಿತ್ತು ಎಂದರು. ನಮ್ಮ ಮಹಡಿ ಮೆಟ್ಟಿಲನ್ನು ಈಗ ಮೂರು ಕಡೆ ಕೂತು ಹತ್ತುತ್ತಾರೆ.

ಇಷ್ಟೇ ಆಗಿದ್ದರೆ ತಮಗೆ ಕಾಗದ ಬರೆಯುತ್ತಿರಲಿಲ್ಲ. ನೌಶೀನ್ ಅಳುತ್ತಾ ತಮ್ಮ ನಿಹಾರಿಕಾಳಿಗೆ ಫೇಸ್‌ಬುಕ್‌ನಲ್ಲಿ ಬರೆದಳು. ಆ ಹುಡುಗಿ ಸಮಾಧಾನ ಮಾಡಲೆಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ತನ್ನ ಅಪ್ಪನಿಗೂ ಫೆಬ್ರವರಿಯಲ್ಲಿ ಇದೇ ಆಯಿತು, ಹೃದಯಕ್ಕೆ ಸ್ಟೆಂಟ್ ಹಾಕಿದರು, ಈಗ ಓಡುತ್ತಾರೆ, ನಿಮ್ಮಪ್ಪನೂ ಓಡುತ್ತಾರೆ. ಮೊದಲು ಅವರೂ ಗ್ಯಾಸ್ಟ್ರಿಕ್ ಎಂದೇ ಹಟ ಹಿಡಿದಿದ್ದರಂತೆ. ಈನೋ ಕುಡಿದಿದ್ದರಂತೆ. ತಾವು ಬೈದು, ಕೈ ಹಿಡಿದು ಎಳೆದುಕೊಂಡು ಹೋದಿರಂತೆ.

ಮೆಟ್ಟಿಲು, ಎಡಗೈ, ಬೆವರು. ಆ ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ಈಗ ತಿಳಿಯಿತು. ನಾನು ಮೂರಕ್ಕೂ ಹೌದು ಎಂದಿದ್ದೆ. ಮೂರಕ್ಕೂ ಹೌದು ಎಂದು ಓದಿದ ಮೇಲೆ ತಾವು ಓಟ್ಸ್ ಕಳಿಸಿದಿರಿ. 'ನನ್ನ ಗಂಡನಿಗೂ ಇದೇ ಆಗಿತ್ತು, ಅದು ಗ್ಯಾಸ್ಟ್ರಿಕ್ ಅಲ್ಲ.' ಇಷ್ಟು ಬರೆಯಲು ಕಾಗದದಲ್ಲಿ ಜಾಗ ಇರಲಿಲ್ಲವೇ? ಬಾಳೆದಿಂಡಿಗೆ ಜಾಗವಿತ್ತು.

ಇತಿ,
ನಜ್ಮುನ್ನೀಸಾ ಯಾಕೂಬ್


ಡೌನರ್ಸ್ ಗ್ರೋವ್
28 ಜೂನ್ 2009

ನಜ್ಮಾ,

ನನ್ನನ್ನು ತಾವು ಎನ್ನಬೇಡ. ಏನು ಬೇಕಾದರೂ ಅನ್ನು, ಅದೊಂದನ್ನು ಬಿಟ್ಟು.

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಶ್ರೀಹರಿ ಆಸ್ಪತ್ರೆಯ ಮಂಚದ ಮೇಲೇ ನಿಹಾರಿಕಾಳ ಮೇಲೆ ಆಣೆ ಹಾಕಿಸಿಕೊಂಡರು. "ಹಾರ್ಟ್ ಪೇಶೆಂಟ್ ಅಂತ ಗೊತ್ತಾದ್ರೆ ಮುಂದಿನ ಶುಕ್ರವಾರ ನನ್ನ ಟೇಬಲ್ಲೇ ಖಾಲಿ ಮಾಡಿಸ್ತಾರೆ, ಯಾರಿಗೂ ಹೇಳಬೇಡ" ಎಂದರು. ಅವರ ಮ್ಯಾನೇಜರಿನ ಹೆಂಡತಿ ನಮ್ಮ ಕೂಟದಲ್ಲೇ ಇದ್ದಾಳೆ. ಹಾಗಾಗಿ ಕಿಡ್ನಿ ಸ್ಟೋನ್ ಎಂದು ಎಲ್ಲರಿಗೂ ಹೇಳಿದೆವು. ಹೇಳುತ್ತಾ ಹೇಳುತ್ತಾ ನಿನಗೂ ಹೇಳಿದೆ.

ಅದೊಂದೇ ಅಲ್ಲ. ಹೃದಯದ ಅಂಕಣ ಬರೆಯುವವಳ ಮನೆಯಲ್ಲೇ ಹೀಗಾಯಿತು ಎಂದರೆ ಜನ ಏನೆನ್ನುತ್ತಾರೆ ಎಂಬ ನಾಚಿಕೆ. ಪ್ಯೂರ್ ವೆಜ್ ಎಂದು ಬೀಗುತ್ತಾ ಅವರು ತಿಂದದ್ದು ಮೂರು ಹೊತ್ತು ಬಿಳಿ ಅನ್ನ, ತುಪ್ಪ, ಆಫೀಸಿನಲ್ಲಿ ಬೇಗಲ್ ಬ್ರೆಡ್ಡು, ಚೀಸು. ಅದನ್ನು ನೋಡಿಯೂ ನಾನು ನಿನ್ನ ಬಿರಿಯಾನಿಯ ಬಗ್ಗೆ ಬರೆದೆ. ನಿನ್ನ ಏಪ್ರಿಲ್ ಕಾಗದ ಓದಿದಾಗ ಫೋನ್ ಕೈಗೆತ್ತಿಕೊಂಡದ್ದು ನಿಜ. ಆಮೇಲೆ ಡಾಕ್ಟರು ಗ್ಯಾಸ್ ಎಂದಿದ್ದಾನಲ್ಲ ಎಂಬ ಸಾಲನ್ನು ಮತ್ತೆ ಮತ್ತೆ ಓದಿಕೊಂಡೆ. ಅದನ್ನು ನಂಬಿದರೆ ಆಣೆಯೂ ಉಳಿಯುತ್ತಿತ್ತು, ನೀನೂ ಉಳಿಯುತ್ತಿದ್ದೆ.

ನನ್ನ ಮೇಲೆ ನನಗೆ ಬಂದಿರುವ ಸಿಟ್ಟಿನ ಮುಂದೆ ನಿನ್ನದು ಏನೂ ಅಲ್ಲ. ಜುಲೈಯಲ್ಲಿ ಒಂದು ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತೇನೆ. ಬರಬೇಡ ಎಂದರೆ, ನಾನು ಏನು ಮಾಡಬೇಕು ಹೇಳು.

ಸುಹಾ


ಹ್ಯಾಮ್‌ಟ್ರ್ಯಾಮಿಕ್
2 ಜುಲೈ 2009

ಸುಹಾಸಿನಿ,

ನೀನು ಎಂದೇ ಬರೆಯುತ್ತಿದ್ದೇನೆ. ಕ್ಷಮಿಸಿದೆ ಅಂತಲ್ಲ. ತಾವು ಎಂದರೆ ನನಗೆ ಸರಿಯಾಗಿ ಬೈಯಲು ಬರುವುದಿಲ್ಲ.

ನಿನ್ನ ಸಿಟ್ಟನ್ನು ನನ್ನ ಸಿಟ್ಟಿನ ಪಕ್ಕ ಇಟ್ಟು ಅಳೆಯಬೇಡ. ಬರಬೇಡ. ಬಂದರೆ ನೀನು ಅಳುತ್ತೀಯ, ಯಾಕೂಬ್ ನಿನ್ನನ್ನು ಸಮಾಧಾನ ಮಾಡುತ್ತಾರೆ, ಅವರ ಸ್ವಭಾವ ನಿನಗೆ ಗೊತ್ತು. ಅವರಿಗೆ ಆಯಾಸವಾಗುತ್ತದೆ.

ಏನು ಮಾಡಲಿ ಎಂದು ಕೇಳಿದೆ. ಬರೆ. ಅದೇ ಪತ್ರಿಕೆಯಲ್ಲಿ, ಅದೇ ಫೋಟೋದ ಕೆಳಗೆ. ಶ್ರೀಹರಿಯವರ ಹೆಸರು, ಯಾಕೂಬರ ಹೆಸರು, ಎರಡೂ ಒಂದೇ ವಾಕ್ಯದಲ್ಲಿ ಬರಬೇಕು. ಗ್ಯಾಸ್ಟ್ರಿಕ್ ಎಂಬ ಮಾತು ಬರಬೇಕು. ಆ ಮಾತು ಹೇಳುವವರು ಇನ್ನೂ ಎಷ್ಟು ಜನ ಇದ್ದಾರೋ, ಎಷ್ಟು ಗೂಡುಗಳಲ್ಲಿ ಕೂತಿದ್ದಾರೋ.

ನಜ್ಮುನ್ನೀಸಾ


ಹ್ಯಾಮ್‌ಟ್ರ್ಯಾಮಿಕ್
20 ಸೆಪ್ಟೆಂಬರ್ 2009

ಸುಹಾಸಿನಿ,

ಪತ್ರಿಕೆ ಬಂತು. ನಿನ್ನ ಅಂಕಣವನ್ನು ಕತ್ತರಿಸಿ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಕೆಂಪು ಶಾಯಿ ನನ್ನದು.

ನೀನು ಬರೆದದ್ದನ್ನು ನೀನೇ ಇನ್ನೊಂದು ಸಲ ಓದು. 'ನನ್ನ ಆಪ್ತರೊಬ್ಬರು ಎದೆನೋವು ಬಂದ ಕೂಡಲೆ ಆಸ್ಪತ್ರೆಗೆ ಹೋದರು, ಪೂರ್ತಿ ಗುಣವಾದರು. ಡೆಟ್ರಾಯಿಟ್‌ನ ಯಾಕೂಬ್ ಗ್ಯಾಸ್ಟ್ರಿಕ್ ಎಂದುಕೊಂಡು ತಡಮಾಡಿದರು, ಹೃದಯದ ಒಂದು ಭಾಗವನ್ನೇ ಕಳೆದುಕೊಂಡರು. ಆದ್ದರಿಂದ ತಡಮಾಡಬೇಡಿ.'

ನಿನ್ನ ಗಂಡ ಆಪ್ತರೊಬ್ಬರು. ನನ್ನ ಗಂಡ ಊರು ಸಮೇತ ಯಾಕೂಬ್. ಒಂದೇ ವಾಕ್ಯದಲ್ಲಿ ಎರಡು ಹೆಸರು ಎಂದು ಕೇಳಿದ್ದೆ. ನೀನು ಮತ್ತೆ ಒಬ್ಬರಿಗೆ ತಟ್ಟೆ, ಒಬ್ಬರಿಗೆ ಎಲೆ ಹಾಕಿದೆ. ಇರಲಿ, ಅದು ನಿಮ್ಮ ಮನೆಯ ಅಭ್ಯಾಸ.

ನನಗೆ ತಡೆಯಲಾಗದೇ ಇರುವುದು ಆ ಇನ್ನೊಂದು ಮಾತು. ಯಾಕೂಬ್ ಯಾವಾಗ ತಡಮಾಡಿದರು? ಉರಿ ಶುರುವಾದ ತಿಂಗಳಲ್ಲೇ ನನಗೆ ಹೇಳಿದರು, ನಾನು ನಿನಗೆ ಬರೆದೆ. ಕ್ಲಿನಿಕ್ಕಿಗೆ ಹೋಗಿ ಸಾಲಿನಲ್ಲಿ ನಿಂತರು. ಎದೆ ಹಿಡಿದ ಕೂಡಲೆ ಓನರಿಗೆ ಫೋನ್ ಮಾಡಿದರು. ಇಷ್ಟು ಕಡೆ ಬಾಗಿಲು ಬಡಿದವರು ತಡಮಾಡಿದವರೇ? ಪ್ಲಾಂಟ್ ಮುಚ್ಚಿದವರು ಇನ್ಶೂರೆನ್ಸ್ ತೆಗೆದುಕೊಂಡು ಹೋದರು. ಡಾಕ್ಟರಿಗೆ ಎದೆಯ ಮೇಲೆ ಕೈಯಿಡುವಷ್ಟು ಪುರುಸೊತ್ತಿರಲಿಲ್ಲ. ಓನರ್ ಗೂಡು ಬಿಡಬೇಡ ಎಂದ. ಅವರು ತಿನ್ನುವುದನ್ನು ಆ ರಸ್ತೆ ನಿಶ್ಚಯಿಸಿತು, ಕೂರುವುದನ್ನು ಆ ಸ್ಟೂಲು ನಿಶ್ಚಯಿಸಿತು. ಅವರನ್ನು ನೋಡಿ ನಿಜ ಹೇಳಿದವಳು ಕಿಟಕಿಯ ಆಚೆ ನಿಂತಿದ್ದ ಒಬ್ಬಳೇ. ಅವಳಿಗೂ ಗೊತ್ತಾಗಿದ್ದು ಯಾರದೋ ಅಂಕಣ ಓದಿ ಅಲ್ಲ, ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡು.

ನೀನು ಮಾಡಿರುವುದು ಕಾಗುಣಿತದ ತಪ್ಪು. ತಡ ಅಲ್ಲ, ತಡೆ. ಒಂದು ಎತ್ವ ಬಿಟ್ಟಿದ್ದೀಯ. ಅದನ್ನು ಬಿಟ್ಟರೆ ತಪ್ಪೆಲ್ಲ ಯಾಕೂಬರದಾಗುತ್ತದೆ. ಹಾಕಿದರೆ ತಡೆದವರು ಯಾರು ಎಂದು ಹೇಳಬೇಕಾಗುತ್ತದೆ, ಅದಕ್ಕೇ ಎಲ್ಲರೂ ಅದನ್ನು ಬಿಟ್ಟೇ ಬರೆಯುತ್ತಾರೆ.

ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. 'ಯಾಕೂಬರು ತಡಮಾಡಲಿಲ್ಲ. ಯಾಕೂಬರನ್ನು ತಡೆದರು.' ನಿಂಗಮ್ಮ ಟೀಚರ್ ಇದ್ದಿದ್ದರೆ ಏನು ಮಾಡಿಸುತ್ತಿದ್ದರು ಎಂದು ನಿನಗೆ ಗೊತ್ತು. ಹತ್ತು ಸಲ ಬರೆದು ಕಳಿಸು. ಕಳಿಸದಿದ್ದರೆ ಇನ್ನು ಮುಂದೆ ಈ ವಿಳಾಸಕ್ಕೆ ಏನನ್ನೂ ಕಳಿಸಬೇಡ.

ನಜ್ಮುನ್ನೀಸಾ


ಡೌನರ್ಸ್ ಗ್ರೋವ್
11 ಅಕ್ಟೋಬರ್ 2009

ನಜ್ಮಾ,

'ತಡಮಾಡಿದರು' ಎಂದು ಬರೆದದ್ದು ನಾನೇ. ಸಂಪಾದಕರು ಸತ್ಯ ಅಂಕಲ್ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ವಾರ್ಡಿನಲ್ಲಿ ದಿನಾ ಬಾಯಿಗೆ ಬರುವ ಮಾತು, ಕೈಗೂ ಬಂತು.

ಶ್ರೀಹರಿಯ ಕೆಲಸ ಹೋಯಿತು. ಹದಿನೈದು ದಿನದ ಹಿಂದಿನ ಶುಕ್ರವಾರ. ಹೃದಯದ ವಿಷಯ ಅಲ್ಲಿ ಕೊನೆಯ ತನಕ ಯಾರಿಗೂ ಗೊತ್ತಿರಲಿಲ್ಲ. ನಾವು ಯಾವುದನ್ನು ಉಳಿಸಿಕೊಳ್ಳಲು ನಿನಗೆ ಸುಳ್ಳು ಹೇಳಿದೆವೋ ಅದು ಹೇಗೂ ಉಳಿಯಲಿಲ್ಲ. ಆದರೆ ನನ್ನ ಕೆಲಸದ ಇನ್ಶೂರೆನ್ಸ್ ಇದೆ. ಅವರ ಮಾತ್ರೆಗಳಲ್ಲಿ ಒಂದೂ ಕಡಿಮೆಯಾಗಿಲ್ಲ, ನಿನ್ನೆ ಕೂಡ ಚೆಕಪ್ ಆಯಿತು. ಇದನ್ನು ನಿನ್ನಿಂದ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ.

ಮುಂದಿನ ಸಂಚಿಕೆಗೆ ಕೊಟ್ಟ ಬರಹದ ಮೊದಲ ವಾಕ್ಯ ಇದು: 'ನನ್ನ ಗಂಡ ಶ್ರೀಹರಿಗೂ ನನ್ನ ಗೆಳತಿಯ ಗಂಡ ಯಾಕೂಬರಿಗೂ ಬಂದದ್ದು ಒಂದೇ ನೋವು, ಇಬ್ಬರೂ ಅದನ್ನು ಗ್ಯಾಸ್ಟ್ರಿಕ್ ಎಂದರು.' 'ನಿಮ್ಮ ಹೃದಯ ನಿಮ್ಮ ಕೈಯಲ್ಲಿ' ಎಂಬ ಅಂಕಣದ ಹೆಸರು ತೆಗೆಯಿರಿ ಎಂದೆ. ಸತ್ಯ ಅಂಕಲ್, ಅಷ್ಟು ಒಳ್ಳೆಯ ಹೆಸರು ಯಾಕಮ್ಮ, ಎಂದರು. ಹೆಸರು ಇರುವುದಾದರೆ ನಾನು ಬರೆಯುವುದಿಲ್ಲ ಎಂದಿದ್ದೇನೆ.

ಹತ್ತು ಸಲ ಬರೆದ ಹಾಳೆ ಇದರೊಳಗಿದೆ. ಒಂಬತ್ತನ್ನು ನೀನು ತಿದ್ದಿದ ಹಾಗೇ ಬರೆದಿದ್ದೇನೆ. ಹತ್ತನೆಯದು ಮಾತ್ರ ನನ್ನದು.

ಯಾಕೂಬರು ತಡಮಾಡಲಿಲ್ಲ. ಯಾಕೂಬರನ್ನು ನಾನೂ ತಡೆದೆ.

ತಪ್ಪಿದ್ದರೆ ತಿದ್ದು.

ಸುಹಾ